ಪಿಟಿ100 5 ಡಿಗ್ರಿ ಜಾಸ್ತಿ, ಕೆ ಟೈಪ್ 50 ಡಿಗ್ರಿ ಕಮ್ಮಿ: ಟ್ರಿಮ್ ಮಾಡಿ ಮುಗಿಸ್ಲಾ?

ಹೊಸ_ಟ್ಯಾಗ್
ಪ್ಯಾನೆಲ್ ಒಳಗೆ ರೈಲ್ ಮೇಲೆ ಕೂರೋ ಎರಡು ಟೆಂಪರೇಚರ್ ಟ್ರಾನ್ಸ್‌ಮಿಟರ್ ಬದಲಾಯಿಸಿದ್ದಾಯ್ತು. ಎರಡೂ ಡಿಗ್ರಿಯನ್ನ 4–20 ಮಿಲಿಆಂಪ್ ಕರೆಂಟಾಗಿ ಕಳಿಸೋವು, ಹಾರ್ಟ್ (ಅದೇ ತಂತಿ ಮೇಲೆ ಸೆಟ್ಟಿಂಗ್ ಓದಿ ಬರೆಯೋ ಡಿಜಿಟಲ್ ಸಿಗ್ನಲ್) ಇರೋವು. ಎರಡರಲ್ಲೂ ರೀಡಿಂಗ್ ಸರಿ ಇಲ್ಲ.

ಒಂದನೇದು: ಮೂರು ತಂತಿಯ ಪಿಟಿ100 (ಬಿಸಿ ಏರಿದ ಹಾಗೆ ಓಮ್ ಏರೋ ಪ್ಲಾಟಿನಂ ಸೆನ್ಸರ್), ರೇಂಜ್ 0–150. ಕೇಬಲ್ 40 ಮೀಟರ್, 0.75 ಚದರ ಮಿಮೀ ತಾಮ್ರ. ಪಕ್ಕದ ಪಾಕೆಟ್‌ನಲ್ಲಿರೋ ರೆಫರೆನ್ಸ್ ಥರ್ಮಾಮೀಟರ್ 60 ಅಂದ್ರೆ ಇದು 65 ಅನ್ನುತ್ತೆ. 90 ಇದ್ದಾಗ 95ರ ಚಿಲ್ಲರೆ.

ಎರಡನೇದು: ಕೆ ಟೈಪ್ ಥರ್ಮೋಕಪಲ್ (ಬಿಸಿಗೆ ತಕ್ಕಂತೆ ಮಿಲಿವೋಲ್ಟ್ ಕೊಡೋ ಎರಡು ಲೋಹದ ತಂತಿ ಜೋಡಿ), ರೇಂಜ್ 0–600. ಕುಲುಮೆ ತಣ್ಣಗಿದ್ದಾಗ ರೀಡಿಂಗ್ ಕರೆಕ್ಟು. 400ಕ್ಕೆ ಬಂದ್ರೆ 347 ತೋರಿಸುತ್ತೆ.

ಸೆನ್ಸರ್ ಟ್ರಿಮ್‌ನಲ್ಲಿ (ರೀಡಿಂಗ್‌ಗೆ ಕೂಡಿಸಿ ಕಳೆಯೋ ತಿದ್ದುಪಡಿ) ಒಂದಕ್ಕೆ −5, ಇನ್ನೊಂದಕ್ಕೆ +53 ಕೊಟ್ಟುಬಿಟ್ರೆ ಆಗಲ್ವಾ?

ಲೂಪ್‌ಚೆಕ್
ಆಗಲ್ಲ.

ಓಮ್‌ಪುರಾಣ
ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಗುತ್ತೆ. ಟ್ರಿಮ್ ಇರೋದು ಸೆನ್ಸರ್‌ನ ಸಣ್ಣಪುಟ್ಟ ವ್ಯತ್ಯಾಸ ಸರಿ ಮಾಡೋಕೆ. ಬಿ ಕ್ಲಾಸ್ ಪಿಟಿ100ಕ್ಕೆ 60 ಡಿಗ್ರಿಯಲ್ಲಿ ಇರೋ ಸಹನೆಯೇ ±0.6 ಡಿಗ್ರಿ, 0.3ಕ್ಕೆ 0.005×60 ಕೂಡಿಸಿ ನೋಡಿ. 5 ಡಿಗ್ರಿ ಅಂದ್ರೆ ಸೆನ್ಸರ್ ವ್ಯತ್ಯಾಸ ಅಲ್ಲ, ಎಲ್ಲೋ ಕನೆಕ್ಷನ್ ಅಥವಾ ಸೆಟ್ಟಿಂಗ್ ತಪ್ಪಿದೆ.

ಕಾನ್ಫಿಗರೇಶನ್‌ನಲ್ಲಿ ತಂತಿ ಸಂಖ್ಯೆ ಎಷ್ಟಿದೆ ನೋಡಿದ್ರಾ? ಅದು 2 ಅಂತ ಇರುತ್ತೆ, ಬೇಕಾದ್ರೆ ಬೆಟ್ ಕಟ್ಟಿ.

ಮಿಲಿವೋಲ್ಟ್
ಓಮ್‌ಪುರಾಣ ಹೇಳಿದ್ದಕ್ಕೆ ಲೆಕ್ಕ ಕೂಡುತ್ತೆ. 0.75 ಚದರ ಮಿಮೀ ತಾಮ್ರ ಕಿಲೋಮೀಟರಿಗೆ ಸುಮಾರು 25 ಓಮ್. ಹೋಗಿ ಬರೋಕೆ 80 ಮೀಟರ್, ಅಂದ್ರೆ 2 ಓಮ್. ಪಿಟಿ100 ಡಿಗ್ರಿಗೆ ಸುಮಾರು 0.385 ಓಮ್ ಏರುತ್ತೆ. 2 ಭಾಗಿಸು 0.385, ಬಂತು 5.2 ಡಿಗ್ರಿ. 60ರಲ್ಲೂ 90ರಲ್ಲೂ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ ಇರೋದೂ ಇದಕ್ಕೆ ಹೊಂದುತ್ತೆ. ಕಾಗದದ ಮೇಲೇ ಕೇಸ್ ಕ್ಲೋಸ್.

ಹೊಸ_ಟ್ಯಾಗ್
ಆದ್ರೆ ಮೂರು ತಂತಿನೂ ಟರ್ಮಿನಲ್‌ಗೆ ಹಾಕಿದೆಯಲ್ಲ? ತನ್ನಷ್ಟಕ್ಕೆ ಗೊತ್ತಾಗಲ್ವಾ ಅದಕ್ಕೆ?

ಓಮ್‌ಪುರಾಣ
ಗೊತ್ತಾಗಲ್ಲ. 2 ಅಂತ ಬರೆದಿದ್ರೆ ಮೂರನೇ ಟರ್ಮಿನಲ್ ಕಡೆ ಅದು ತಲೆ ಹಾಕೋದೇ ಇಲ್ಲ, ಪಿಟಿ100 ಜೊತೆ ಕೇಬಲ್‌ನ ಓಮ್ ಕೂಡ ನುಂಗಿ ಡಿಗ್ರಿ ಮಾಡಿ ತೋರಿಸುತ್ತೆ. ತಂತಿ ತುಂಡಾಗಿದ್ರೆ ಎಚ್ಚರಿಸೋ ಮಾಡೆಲ್ ಇವೆ, ಆದ್ರೆ ನೀವು ಹೇಳಿದ ತಂತಿ ಸಂಖ್ಯೆಯನ್ನ ಅವು ನಂಬೇ ನಂಬ್ತವೆ.

ಮೊದಲು ಮಲ್ಟಿಮೀಟರ್‌ನಲ್ಲಿ ನೋಡಿ. ತಂತಿಗಳನ್ನ ಟ್ರಾನ್ಸ್‌ಮಿಟರ್‌ನಿಂದ ಬಿಚ್ಚಲೇಬೇಕು, ಇಲ್ಲಾಂದ್ರೆ ಅದರ ಅಳತೆಯ ಕರೆಂಟೂ ಮೀಟರ್‌ನ ಕರೆಂಟೂ ಕಲಸಿ ಸುಳ್ಳು ಓಮ್ ಬರುತ್ತೆ. ಒಂದೇ ಬಣ್ಣದ ಜೋಡಿ ತಂತಿಗಳ ನಡುವೆ ಎಷ್ಟು, ಜೋಡಿಯಿಂದ ಒಂಟಿ ತಂತಿಗೆ ಎಷ್ಟು, ಎರಡೂ ಬರ್ಕೊಳ್ಳಿ.

ರೇಂಜ್‌ರಾಯ
ಬಿಚ್ಚೋಕೆ ಮುಂಚೆ ಲೂಪನ್ನ (ಈ ರೀಡಿಂಗ್ ನೋಡಿ ನಡೆಯೋ ಕಂಟ್ರೋಲನ್ನ) ಮ್ಯಾನುಯಲ್‌ಗೆ ಹಾಕಿ, ಇಂಟರ್‌ಲಾಕ್ (ತಾನಾಗೇ ಟ್ರಿಪ್ ಮಾಡೋ ಸುರಕ್ಷತಾ ವ್ಯವಸ್ಥೆ) ಇದ್ರೆ ಪರ್ಮಿಟ್ ತಗೊಂಡು ಬೈಪಾಸ್ ಮಾಡಿ. ಸೆನ್ಸರ್ ಬಿಚ್ಚಿದ ಕ್ಷಣ ಔಟ್‌ಪುಟ್ ಫಾಲ್ಟ್ ಕರೆಂಟ್‌ಗೆ ಹಾರುತ್ತೆ, ಆಮೇಲೆ ಹೀಟರ್ ಟ್ರಿಪ್ ಆಯ್ತು ಅಂತ ಬೈಸ್ಕೋಬೇಡಿ.

ಹೊಸ_ಟ್ಯಾಗ್
ನೋಡಿದ್ದಾಯ್ತು. ಜೋಡಿ ನಡುವೆ 2.0 ಓಮ್. ಜೋಡಿಯಿಂದ ಒಂಟಿಗೆ 125.3. ಆಗ ರೆಫರೆನ್ಸ್ 60 ಇತ್ತು.

ಮಿಲಿವೋಲ್ಟ್
125.3ರಿಂದ 2.0 ಕಳೀರಿ, 123.3. ಟೇಬಲ್‌ನಲ್ಲಿ 60 ಡಿಗ್ರಿಗೆ 123.24 ಓಮ್. ಸೆನ್ಸರ್ ಬಂಗಾರದಂಗಿದೆ, ಕೇಬಲ್ ಚೆನ್ನಾಗಿದೆ. ಕಳೆಯದೆ 125.3 ಅಂತಲೇ ಓದಿದ್ರೆ 65 ಚಿಲ್ಲರೆ, ಅದೇ ನಿಮ್ಮ ಟ್ರಾನ್ಸ್‌ಮಿಟರ್ ತೋರಿಸ್ತಿರೋದು.

ಹೊಸ_ಟ್ಯಾಗ್
ಹೌದು, ಕಮ್ಯುನಿಕೇಟರ್‌ನಲ್ಲಿ (ಹಾರ್ಟ್ ಸೆಟ್ಟಿಂಗ್ ನೋಡೋ ಕೈಸಾಧನ) 2 ವೈರ್ ಅಂತ್ಲೇ ಇದೆ. ಆದ್ರೂ ಒಂದು ಡೌಟು. ಕೇಬಲ್ ಓಮ್ 2.0 ಅಂತ ಗೊತ್ತಾಯ್ತಲ್ಲ, ಇದೇ ಮಾಡೆಲ್‌ನಲ್ಲಿ ಎರಡು ತಂತಿಗೆ ‘ಲೀಡ್ ರೆಸಿಸ್ಟೆನ್ಸ್’ ಅಂತ ಒಂದು ಜಾಗ ಇದೆ. ಅಲ್ಲಿ 2.0 ಹಾಕಿದ್ರೆ ಸಾಕಲ್ವಾ?

ಓಮ್‌ಪುರಾಣ
ಮೂರನೇ ತಂತಿ ಇಲ್ಲದೇ ಇದ್ದಿದ್ರೆ ಹಾಕಿ ಅಂತಿದ್ದೆ. ಇರುವಾಗ ಯಾಕೆ? ತಾಮ್ರದ ಓಮ್ ಡಿಗ್ರಿಗೆ 0.39 ಪರ್ಸೆಂಟ್ ಬದಲಾಗುತ್ತೆ. ಕೇಬಲ್ ಬೆಳಗಿನ ಜಾವಕ್ಕಿಂತ ಮಧ್ಯಾಹ್ನ 20 ಡಿಗ್ರಿ ಕಾದ್ರೆ 2 ಓಮ್ ಇದ್ದದ್ದು 2.16 ಆಗುತ್ತೆ, ಅಷ್ಟರಲ್ಲೇ 0.4 ಡಿಗ್ರಿ ಹೋಯ್ತು. ನೀವು −5 ಟ್ರಿಮ್ ಕೊಟ್ಟಿದ್ರೂ ಇದೇ ಗತಿ. ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು, ಯಾರಿಗೂ ಕಾರಣ ಹೊಳೆಯಲ್ಲ.

ನಾಲ್ಕುತಂತಿ
ಅದಕ್ಕೇ ಮೂರು ತಂತಿಯ ಸಹವಾಸವೇ ಬೇಡ ಅನ್ನೋದು. ನಾಲ್ಕು ತಂತಿ ಎಳೀರಿ, ನಿದ್ದೆ ಮಾಡಿ.

ಲೂಪ್‌ಚೆಕ್
ಬಂದ್ರು ನೋಡಿ. 40 ಮೀಟರ್ ಹೊಸ ಕೇಬಲ್ ಎಳೆಯೋ ಶಟ್‌ಡೌನ್ ಯಾರು ಕೊಡ್ತಾರೆ?

ನಾಲ್ಕುತಂತಿ
ಇರೋ ಕೇಬಲ್ ಕಿತ್ತುಹಾಕಿ ಅಂದೆನಾ? ಹೊಸ ಪಾಯಿಂಟ್ ಹಾಕುವಾಗಿನ ಮಾತು ಹೇಳ್ತಿದೀನಿ. ಮೂರು ತಂತಿ ಲೆಕ್ಕ ನಿಂತಿರೋದು ಎರಡು ತಂತಿಯ ಓಮ್ ಸಮ ಅನ್ನೋ ನಂಬಿಕೆ ಮೇಲೆ. ಒಂದು ಟರ್ಮಿನಲ್ ಕಿಲುಬು ಹಿಡಿದು ಅರ್ಧ ಓಮ್ ಜಾಸ್ತಿ ಆದ್ರೆ 1.3 ಡಿಗ್ರಿ ತಪ್ಪು, ಅಲಾರಂ ಇಲ್ಲ ಏನಿಲ್ಲ. ಯಾವ ತಂತಿ ಕಿಲುಬಿತು ಅನ್ನೋದರ ಮೇಲೆ ಜಾಸ್ತಿನೂ ತೋರಿಸಬಹುದು, ಕಮ್ಮಿನೂ ತೋರಿಸಬಹುದು. ನಾಲ್ಕು ತಂತಿಯಲ್ಲಿ ಕರೆಂಟ್ ಹೋಗೋ ದಾರಿ ಬೇರೆ, ವೋಲ್ಟೇಜ್ ಅಳೆಯೋ ದಾರಿ ಬೇರೆ, ತಂತಿಯ ಓಮ್ ಲೆಕ್ಕಕ್ಕೇ ಬರಲ್ಲ.

ಓಮ್‌ಪುರಾಣ
ಅದು ಒಪ್ಪಿದೆ. ಹೆಡ್ (ಸೆನ್ಸರ್ ತಲೆ ಮೇಲಿನ ಕನೆಕ್ಷನ್ ಡಬ್ಬಿ) ಒಳಗೇ ಟ್ರಾನ್ಸ್‌ಮಿಟರ್ ಇದ್ರೆ ಮಾತ್ರ ಮೂರು ಸಾಕು, ಅಲ್ಲಿ ತಂತಿ ಒಂದು ಗೇಣೂ ಇರಲ್ಲ.

ಗ್ಲ್ಯಾಂಡ್_ಕೆಳಮುಖ
ಹೆಡ್ ಒಳಗೆ ಅಂದ್ರಲ್ಲ, ಅಲ್ಲಿನ ಬಿಸಿನೂ ನೋಡಿ. ಎಲೆಕ್ಟ್ರಾನಿಕ್ಸ್‌ಗೆ ಸಾಮಾನ್ಯವಾಗಿ 85 ಡಿಗ್ರಿ ಮಿತಿ. ಕುಲುಮೆ ಗೋಡೆಗೆ ಅಂಟಿದ ಹೆಡ್ ಅದನ್ನ ದಾಟೋದು ಸುಲಭ. ನೆಕ್ ಪೈಪ್ ಉದ್ದ ಮಾಡಿ, ಇಲ್ಲ ರೈಲ್ ಟ್ರಾನ್ಸ್‌ಮಿಟರೇ ಇಟ್ಕೊಳ್ಳಿ.

ಇನ್ನೊಂದು, ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಹೋಗೋ ಬಾಯಿ) ಮೇಲ್ಮುಖ ಬಿಟ್ರೆ ನೀರು ನೇರ ಹೆಡ್ ಒಳಗೆ. ಒದ್ದೆಯಾಗಿ ಇನ್ಸುಲೇಶನ್ 10 ಕಿಲೋ ಓಮ್‌ಗೆ ಇಳಿದ್ರೆ 100 ಡಿಗ್ರಿಯಲ್ಲಿ ಪಿಟಿ100 ಸುಮಾರು 5 ಡಿಗ್ರಿ ಕಮ್ಮಿ ಓದುತ್ತೆ. ಅದನ್ನೂ ಟ್ರಿಮ್ ಮಾಡೋರಿದ್ದಾರೆ. ಒಣಗಿದ ಮೇಲೆ ರೀಡಿಂಗ್ 5 ಡಿಗ್ರಿ ಜಾಸ್ತಿ!

ಹಾರ್ಟ್250
@ಹೊಸ_ಟ್ಯಾಗ್ ಈಗ 3 ಮಾಡೋ ಕ್ರಮ ಹೇಳ್ತೀನಿ, ಅವಸರ ಬೇಡ.

ಕಮ್ಯುನಿಕೇಟರನ್ನ ಲೂಪ್‌ಗೆ ಸಿಕ್ಕಿಸುವಾಗ ಲೂಪ್‌ನಲ್ಲಿ ಕನಿಷ್ಠ 250 ಓಮ್ ಇರಬೇಕು, ಇಲ್ಲಾಂದ್ರೆ ಹಾರ್ಟ್ ಸಿಗ್ನಲ್ಲನ್ನ ಪವರ್ ಸಪ್ಲೈಯೇ ನುಂಗುತ್ತೆ, ‘ಡಿವೈಸ್ ಸಿಗ್ತಿಲ್ಲ’ ಅಂತ ಬರುತ್ತೆ. ಮೊದಲು ಈಗಿರೋ ಕಾನ್ಫಿಗರೇಶನ್ ಪೂರ್ತಿ ಸೇವ್ ಮಾಡಿ. ಆಮೇಲೆ ಸೆನ್ಸರ್ ಟೈಪ್, ತಂತಿ ಸಂಖ್ಯೆ. ಟೈಪ್ ಪಟ್ಟಿಯಲ್ಲಿ ಪಿಟಿ100 ಎರಡು ಮೂರು ಥರ ಇರುತ್ತೆ, ಐಇಸಿ 60751ರ (ಅಂತಾರಾಷ್ಟ್ರೀಯ ಮಾನದಂಡ) 0.00385 ಇರೋದನ್ನೇ ಆರಿಸಿ, ಅದು ಡಿಗ್ರಿಗೆ ಓಮ್ ಏರೋ ದರ. ಹಳೇ ಜಪಾನಿ ಕರ್ವ್ 0.003916 ಆರಿಸಿಬಿಟ್ರೆ 100 ಡಿಗ್ರಿಯಲ್ಲಿ 98.3 ತೋರಿಸುತ್ತೆ. 0 ಡಿಗ್ರಿಯಲ್ಲಿ ಎರಡೂ 100 ಓಮ್ ಆದ್ದರಿಂದ ಐಸ್‌ನಲ್ಲಿ ಟೆಸ್ಟ್ ಮಾಡಿದೋರಿಗೆ ಈ ತಪ್ಪು ಸಿಕ್ಕೋದೇ ಇಲ್ಲ.

ಕೊನೆಗೆ ‘ಸೆಂಡ್’ ಒತ್ತೋದು ಮರೀಬೇಡಿ. ಎಷ್ಟೋ ಕಮ್ಯುನಿಕೇಟರ್‌ಗಳಲ್ಲಿ ಬದಲಾವಣೆ ಪರದೆ ಮೇಲೆ ಕಾಣುತ್ತೆ, ಟ್ರಾನ್ಸ್‌ಮಿಟರ್‌ಗೆ ಹೋಗಿರಲ್ಲ. ರೈಟ್ ಪ್ರೊಟೆಕ್ಟ್ ಆನ್ ಇದ್ರೂ ಹೋಗಲ್ಲ.

ರೇಂಜ್‌ರಾಯ
ಬಹಳ ಜನ ಬೀಳೋ ಗುಂಡಿ ಒಂದಿದೆ: ಸೆನ್ಸರ್ ಟೈಪ್ ಬದಲಾಯಿಸಿದ್ರೆ ಕೆಲವು ಮಾಡೆಲ್ ರೇಂಜನ್ನ ಆ ಸೆನ್ಸರ್‌ನ ಡಿಫಾಲ್ಟ್‌ಗೆ ತಿರುಗಿಸಿಬಿಡ್ತವೆ. ನೀವು 0–150 ಅಂದ್ಕೊಂಡಿರ್ತೀರಿ, ಒಳಗೆ ಬೇರೇನೋ ಇರುತ್ತೆ. ಟೈಪ್ ಬದಲಾದ ಮೇಲೆ 4 ಮತ್ತು 20 ಮಿಲಿಆಂಪ್‌ನ ಡಿಗ್ರಿ ಮತ್ತೆ ಓದಿ.

ಚೆಕ್ ಮಾಡೋದು ಸುಲಭ. 60 ಡಿಗ್ರಿಗೆ 4 + 16 × 60/150, ಅಂದ್ರೆ 10.4 ಮಿಲಿಆಂಪ್. ಮೀಟರ್‌ನಲ್ಲಿ 10.4 ಬಂದು ಸ್ಕ್ರೀನ್‌ನಲ್ಲಿ 80 ಬಂತಾ? ಕಂಟ್ರೋಲ್ ಸಿಸ್ಟಂ ಸ್ಕೇಲ್ 0–200 ಇದೆ ಅಂತ ಅರ್ಥ, ಟ್ರಾನ್ಸ್‌ಮಿಟರನ್ನ ಬೈಬೇಡಿ.

ಹೊಸ_ಟ್ಯಾಗ್
3 ವೈರ್ ಮಾಡಿ ಸೆಂಡ್ ಒತ್ತಿದೆ. ರೇಂಜ್ ಹಾಗೇ ಇತ್ತು. ರೆಫರೆನ್ಸ್ 60.2, ಇಲ್ಲಿ 60.1, ಮೀಟರ್‌ನಲ್ಲಿ 10.41 ಮಿಲಿಆಂಪ್. ಟ್ರಿಮ್ ಮುಟ್ಟಿಲ್ಲ. 🙏

ಈಗ ಕೆ ಟೈಪ್?

ಮಿಲಿವೋಲ್ಟ್
ಇದು ನನ್ನ ಏರಿಯಾ. ಮೂರು ಮಾಹಿತಿ ಬೇಕು: ಥರ್ಮೋಕಪಲ್ ಹೆಡ್ ಹತ್ರ ಎಷ್ಟು ಬಿಸಿ, ಪ್ಯಾನೆಲ್ ಒಳಗೆ ಎಷ್ಟು, ನಡುವಿನ ಕೇಬಲ್ ಯಾವುದು.

ಲೂಪ್‌ಚೆಕ್
ಸೆನ್ಸರ್ ಟೈಪ್ ಜೆ ಅಂತ ಹಾಕಿರಬಹುದಲ್ವಾ? ಅದೇ ಸಾಮಾನ್ಯ ತಪ್ಪು.

ಮಿಲಿವೋಲ್ಟ್
ಹಾಗಾಗಿದ್ರೆ ಹೆಡ್ ಬಿಸಿ ಎಷ್ಟೇ ಇರ್ಲಿ ಪ್ರತಿ ಪಾಯಿಂಟ್‌ನಲ್ಲೂ ಕಾಲು ಭಾಗದಷ್ಟು ಕಮ್ಮಿ ಬರ್ತಿತ್ತು. ಕೆ ಟೈಪ್ 500 ಡಿಗ್ರಿಯಲ್ಲಿ 20.644 ಮಿಲಿವೋಲ್ಟ್ ಕೊಡುತ್ತೆ, ಜೆ ಕರ್ವ್‌ನಲ್ಲಿ ಓದಿದ್ರೆ 380ರ ಆಸುಪಾಸು. 400ಕ್ಕೆ 300 ಚಿಲ್ಲರೆ ತೋರಿಸಬೇಕಿತ್ತು, ಇವರದ್ದು 347. ಹೊಂದಲ್ಲ.

ಹೊಸ_ಟ್ಯಾಗ್
ಹೆಡ್ ಹತ್ರ 58, ಪ್ಯಾನೆಲ್‌ನಲ್ಲಿ 31. ಕೇಬಲ್ ಹಸಿರು–ಬಿಳಿ. ಥರ್ಮೋಕಪಲ್ ತಂತಿ ಹಳದಿ–ಕೆಂಪು. ಟೈಪ್ ಕೆ ಅಂತ್ಲೇ ಇದೆ, ಕೋಲ್ಡ್ ಜಂಕ್ಷನ್ (ಟ್ರಾನ್ಸ್‌ಮಿಟರ್ ಟರ್ಮಿನಲ್‌ನ ಬಿಸಿ ಕೂಡಿಸೋ ಲೆಕ್ಕ) ಇಂಟರ್ನಲ್.

ಮಿಲಿವೋಲ್ಟ್
ಹಳದಿ–ಕೆಂಪು ಅಂದ್ರಲ್ಲ, ಅಲ್ಲೇ ಸಿಕ್ತು!

58ರಿಂದ 31 ಕಳೆದ್ರೆ 27. ಅದರ ಎರಡರಷ್ಟು 54. ನಿಮ್ಮ ತಪ್ಪು 53. ಎಕ್ಸ್‌ಟೆನ್ಶನ್ ಕೇಬಲ್ (ಹೆಡ್‌ನಿಂದ ಪ್ಯಾನೆಲ್‌ಗೆ ಬರೋದು) ಎರಡೂ ತುದಿಯಲ್ಲಿ ಉಲ್ಟಾ ಬಿದ್ದಿದೆ.

ಹೇಗೆ ಅಂದ್ರೆ: ಅಮೆರಿಕನ್ ಬಣ್ಣದಲ್ಲಿ ಕೆ ಟೈಪ್‌ಗೆ ಹಳದಿ ಪ್ಲಸ್, ಕೆಂಪು ಮೈನಸ್. ಐಇಸಿ ಬಣ್ಣದಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಕೆಂಪು ಕಂಡ ಕೂಡಲೇ ಪ್ಲಸ್ ಅಂದ್ಕೊಂಡು ಹಸಿರಿಗೆ ಜೋಡಿಸಿರ್ತಾರೆ. ಕುಲುಮೆ ಬಿಸಿ ಮಾಡಿದ್ರೆ ರೀಡಿಂಗ್ ಇಳಿಯುತ್ತೆ. ‘ಓ ಉಲ್ಟಾ’ ಅಂತ ಹೆಡ್‌ಗೆ ಹತ್ತೋ ಬದಲು ಪ್ಯಾನೆಲ್‌ನಲ್ಲೇ ತಿರುಗಿಸ್ತಾರೆ. ಈಗ ರೀಡಿಂಗ್ ಏರುತ್ತೆ, ಎಲ್ಲರಿಗೂ ಸಮಾಧಾನ. ಆದ್ರೆ ನಡುವಿನ ಕೇಬಲ್ ಕೂಡ ಒಂದು ಥರ್ಮೋಕಪಲ್ಲೇ. ಹೆಡ್‌ಗೂ ಪ್ಯಾನೆಲ್‌ಗೂ ಇರೋ 27 ಡಿಗ್ರಿಯನ್ನ ಅದು ಕೂಡಿಸಬೇಕಿತ್ತು, ಈಗ ಕಳೀತಿದೆ. ಹಾಗಾಗಿ ಎರಡು ಪಟ್ಟು ತಪ್ಪು. ಕುಲುಮೆ ತಣ್ಣಗಿದ್ದಾಗ ಹೆಡ್ಡೂ ಪ್ಯಾನೆಲ್ಲೂ ಒಂದೇ ಬಿಸಿ, ವ್ಯತ್ಯಾಸ ಸೊನ್ನೆ, ಅದಕ್ಕೇ ಆಗ ಕರೆಕ್ಟು.

ಓಮ್‌ಪುರಾಣ
ಹಾಗಿದ್ರೆ ಬರೀ ತಾಮ್ರದ ಕೇಬಲ್ ಹಾಕಿದ್ರೆ?

ಮಿಲಿವೋಲ್ಟ್
ಒಂದು ಪಟ್ಟು. 27 ಡಿಗ್ರಿ ಕಮ್ಮಿ. ಅದಕ್ಕೇ ಮೊದಲು ಆ ಎರಡು ಬಿಸಿ ಕೇಳಿದ್ದು. ತಪ್ಪು ಒಂದು ಪಟ್ಟಾದ್ರೆ ತಾಮ್ರ, ಎರಡು ಪಟ್ಟಾದ್ರೆ ಡಬಲ್ ಉಲ್ಟಾ. ಬೇರೆ ತಪ್ಪುಗಳು ಇಷ್ಟು ಅಚ್ಚುಕಟ್ಟಾಗಿ ಹೊಂದಲ್ಲ. ಇದಕ್ಕೆ +53 ಟ್ರಿಮ್ ಕೊಟ್ಟಿದ್ರೆ ಮುಂದಿನ ಸಲ ತಣ್ಣಗಿನ ಕುಲುಮೆ 84 ಡಿಗ್ರಿ ತೋರಿಸ್ತಿತ್ತು.

ಗ್ಲ್ಯಾಂಡ್_ಕೆಳಮುಖ
ಬಣ್ಣ ನಂಬದೇ ಇರೋರು ಮ್ಯಾಗ್ನೆಟ್ ಇಟ್ಕೊಳ್ಳಿ. ಕೆ ಟೈಪ್‌ನ ಮೈನಸ್ ತಂತಿ ಮ್ಯಾಗ್ನೆಟ್‌ಗೆ ಎಳೆಯುತ್ತೆ, ಪ್ಲಸ್ ಎಳೆಯಲ್ಲ. ತುಂಬಾ ಬಿಸಿ ಇರುವಾಗ ನೋಡ್ಬೇಡಿ, ಮೈನಸ್ ಕೂಡ ಆಗ ಎಳೆಯಲ್ಲ.

ಹಾರ್ಟ್250
ಕೋಲ್ಡ್ ಜಂಕ್ಷನ್ ‘ಫಿಕ್ಸೆಡ್ 25’ ಅಂತ ಯಾರಾದ್ರೂ ಬಿಟ್ಟಿದ್ರೂ ನೋಡ್ಕೊಳ್ಳಿ. ಪ್ಯಾನೆಲ್ 40 ಆದ ದಿನ 15 ಡಿಗ್ರಿ ಕಮ್ಮಿ ಓದುತ್ತೆ. ಇವರದ್ದು ಇಂಟರ್ನಲ್, ಸರಿ ಇದೆ.

ಹೊಸ_ಟ್ಯಾಗ್
ಹೆಡ್ ತೆಗೆದು ನೋಡಿದ್ರೆ ಕೆಂಪು ಹೋಗಿ ಹಸಿರಿಗೇ ಸೇರಿದೆ. ಎರಡೂ ಕಡೆ ತಿರುಗಿಸಿದೆ. ಈಗ 400ಕ್ಕೆ 399. ಮಿಲಿವೋಲ್ಟ್‌ಗೆ ದೊಡ್ಡ ನಮಸ್ಕಾರ.

ಇನ್ನೊಂದು ಪ್ರಶ್ನೆ. ಸೆನ್ಸರ್ ತುಂಡಾದ್ರೆ ಔಟ್‌ಪುಟ್ ಮೇಲೆ ಹೋಗ್ಬೇಕಾ ಕೆಳಗೆ ಹೋಗ್ಬೇಕಾ? ಈಗ ಡೌನ್‌ಸ್ಕೇಲ್ ಇದೆ.

ಲೂಪ್‌ಚೆಕ್
ಕುಲುಮೆಗೆ ಡೌನ್‌ಸ್ಕೇಲಾ?! ಸೆನ್ಸರ್ ಹೋದ ಕೂಡಲೇ ಔಟ್‌ಪುಟ್ 3.6, ಕಂಟ್ರೋಲರ್‌ಗೆ ಕುಲುಮೆ ತಣ್ಣಗಾಯ್ತು ಅನ್ಸುತ್ತೆ, ಹೀಟರ್ ಫುಲ್. ಅಪ್‌ಸ್ಕೇಲ್ ಮಾಡಿ, ಈಗಲೇ.

ನಾಲ್ಕುತಂತಿ
ಅಪ್‌ಸ್ಕೇಲ್ ಸರಿ, ಆದ್ರೆ ಅದೊಂದೇ ಕಾಪಾಡುತ್ತೆ ಅಂದ್ಕೋಬೇಡಿ. ಲೂಪ್ ಕೇಬಲ್ಲೇ ತುಂಡಾದ್ರೆ ಟ್ರಾನ್ಸ್‌ಮಿಟರ್ ಸೆಟ್ಟಿಂಗ್ ಏನೇ ಇರ್ಲಿ, ಕರೆಂಟ್ 0. ಕಂಟ್ರೋಲ್ ಸಿಸ್ಟಂ 3.6 ಮತ್ತು ಅದಕ್ಕಿಂತ ಕೆಳಗಿದ್ರೂ, 21 ಮತ್ತು ಅದಕ್ಕಿಂತ ಮೇಲಿದ್ರೂ ‘ಸಿಗ್ನಲ್ ಕೆಟ್ಟಿದೆ’ ಅಂತ ತಿಳಿದು ಹೀಟರ್ ಆಫ್ ಮಾಡ್ಬೇಕು.

ರೇಂಜ್‌ರಾಯ
+1. ನಾಮೂರ್ ಎನ್‌ಇ43 (ಸಿಗ್ನಲ್ ಮಟ್ಟಗಳ ಉದ್ಯಮ ಶಿಫಾರಸು) ಪ್ರಕಾರ 3.8ರಿಂದ 20.5 ಅಳತೆಗೆ, 3.6 ಮತ್ತು 21 ಫಾಲ್ಟ್‌ಗೆ. ಆದ್ರೆ ಕೆಲವು ಕಡೆ ಇನ್‌ಪುಟ್ ಸ್ಕೇಲಿಂಗ್‌ನಲ್ಲಿ 20 ಮಿಲಿಆಂಪ್‌ಗೇ ಕತ್ತರಿ ಹಾಕಿರ್ತಾರೆ. ಟ್ರಾನ್ಸ್‌ಮಿಟರ್ 21ಕ್ಕೆ ಹೋಗಿ ಕಿರುಚಿದ್ರೂ ಸ್ಕ್ರೀನ್‌ನಲ್ಲಿ ‘600 ಡಿಗ್ರಿ’ ಅಂತ ಗಂಭೀರವಾಗಿ ಕೂತಿರುತ್ತೆ. ಒಂದು ತಂತಿ ಬಿಚ್ಚಿ, ಅಲಾರಂ ಬರುತ್ತಾ ನೋಡಿ.

ಶಾಂತ_ಸಿಗ್ನಲ್
ವಿಷಯ ಸ್ವಲ್ಪ ಬೇರೆ. ಪಿಟಿ100 ಬದಲು ಎಲೆಕ್ಟ್ರಾನಿಕ್ ಸಿಮ್ಯುಲೇಟರ್ (ಸೆನ್ಸರ್ ಥರ ಓಮ್ ತೋರಿಸೋ ಟೆಸ್ಟ್ ಸಾಧನ) ಹಾಕಿದ್ರೆ ಟ್ರಾನ್ಸ್‌ಮಿಟರ್ ರೀಡಿಂಗ್ ಕುಣಿಯುತ್ತೆ, ಕೆಲವು ಸಲ ಸೆನ್ಸರ್ ಫಾಲ್ಟ್ ಅಂತಲೂ ಬರುತ್ತೆ. ಸಿಮ್ಯುಲೇಟರ್ ಕೆಟ್ಟಿದೆಯಾ?

ಓಮ್‌ಪುರಾಣ
ಕೆಟ್ಟಿರಬೇಕಿಲ್ಲ. ಸುಮಾರು ಟ್ರಾನ್ಸ್‌ಮಿಟರ್‌ಗಳು ಸೆನ್ಸರ್‌ಗೆ ಕರೆಂಟನ್ನ ಸತತ ಕೊಡಲ್ಲ, ಚಿಕ್ಕ ಚಿಕ್ಕ ಪಲ್ಸ್ ಕೊಡ್ತವೆ. ಸಿಮ್ಯುಲೇಟರ್ ಆ ವೇಗಕ್ಕೆ ಸ್ಪಂದಿಸದಿದ್ರೆ ಅಳತೆ ಮುಗಿಯೋ ಹೊತ್ತಿಗೆ ಅದರ ಓಮ್ ಇನ್ನೂ ನೆಲೆ ನಿಂತಿರಲ್ಲ. ಪಲ್ಸ್ ಮೋಡ್ ಇದ್ರೆ ಆನ್ ಮಾಡಿ. ಇಲ್ಲಾಂದ್ರೆ ಡೆಕೇಡ್ ಬಾಕ್ಸ್ (ಬೇಕಾದ ಓಮ್ ಆರಿಸಿಡೋ ರೆಸಿಸ್ಟರ್ ಡಬ್ಬಿ), ಅದೂ ಇಲ್ಲಾಂದ್ರೆ 100 ಓಮ್‌ನ 0.1 ಪರ್ಸೆಂಟ್ ರೆಸಿಸ್ಟರ್. 0.1 ಓಮ್ ಹೆಚ್ಚುಕಮ್ಮಿ ಅಂದ್ರೂ ಕಾಲು ಡಿಗ್ರಿ ಅಷ್ಟೇ, ಸೆಟ್ಟಿಂಗ್ ಸರಿ ಇದೆಯಾ ಅಂತ ನೋಡೋಕೆ ಧಾರಾಳ.

ಹೊಸ_ಟ್ಯಾಗ್
ಕೊನೇ ಪ್ರಶ್ನೆ, ಆಣೆ. ಪಿಟಿ100 ಇರೋ ಟ್ರಾನ್ಸ್‌ಮಿಟರ್‌ಗೆ ಎರಡು ಇನ್‌ಪುಟ್ ಇದೆ. ಬ್ಯಾಕಪ್‌ಗೆ ಇನ್ನೊಂದು ಬಿ ಕ್ಲಾಸ್ ಪಿಟಿ100 ಹಾಕಿ, ಎರಡರ ವ್ಯತ್ಯಾಸ 1 ಡಿಗ್ರಿ ದಾಟಿದ್ರೆ ಡ್ರಿಫ್ಟ್ ಅಲಾರಂ ಇಡೋಣ ಅಂತಿದೀನಿ.

ಓಮ್‌ಪುರಾಣ
60 ಡಿಗ್ರಿಯಲ್ಲಿ ಒಂದು +0.6, ಇನ್ನೊಂದು −0.6 ಇದ್ರೂ ಎರಡೂ ಬಿ ಕ್ಲಾಸ್‌ನಲ್ಲಿ ಪಾಸು. ಹೊಸ ಸೆನ್ಸರ್‌ಗಳಲ್ಲೇ 1.2 ವ್ಯತ್ಯಾಸ ಬರಬಹುದು, ಅಲಾರಂ ಹಾಕಿದ ದಿನವೇ ಬಡ್ಕೊಳ್ಳುತ್ತೆ. ಎ ಕ್ಲಾಸ್ ತಗೊಂಡ್ರೆ ತಲಾ 0.27, ಆಗ 1 ಡಿಗ್ರಿಗೆ ಅರ್ಥ ಇದೆ. ಬಿ ಕ್ಲಾಸೇ ಆದ್ರೆ 2 ಡಿಗ್ರಿ ಇಡಿ, ಅಲಾರಂಗೆ ಸ್ವಲ್ಪ ತಡವೂ ಕೊಡಿ. ಎರಡು ಪಾಕೆಟ್ ಒಂದೇ ವೇಗದಲ್ಲಿ ಬಿಸಿ ಆಗಲ್ಲ.

ನಾಲ್ಕುತಂತಿ
ಹಾಕುವಾಗ ನಾಲ್ಕು ತಂತಿಯದ್ದೇ

ಲೂಪ್‌ಚೆಕ್
ಎರಡು ನಾಲ್ಕು ತಂತಿ ಸೆನ್ಸರ್‌ಗೆ 8 ಟರ್ಮಿನಲ್ ಬೇಕು ಸ್ವಾಮಿ, ಎಷ್ಟೋ ಮಾಡೆಲ್‌ನಲ್ಲಿ ಅಷ್ಟು ಇರೋದೇ ಇಲ್ಲ. ಮೊದಲು ವೈರಿಂಗ್ ಚಿತ್ರ ನೋಡಿ.

ಮಿಲಿವೋಲ್ಟ್
ಯಾರಾದ್ರೂ ಇದನ್ನೇ ಥರ್ಮೋಕಪಲ್‌ಗೆ ಮಾಡೋರಿದ್ರೆ ತುದಿ ಕವಚಕ್ಕೆ ಬೆಸೆದಿರೋ ಗ್ರೌಂಡೆಡ್ ಮಾದರಿ ಎರಡು ತಗೋಬೇಡಿ. ಬಹಳ ಟ್ರಾನ್ಸ್‌ಮಿಟರ್‌ಗಳಲ್ಲಿ ಔಟ್‌ಪುಟ್‌ನಿಂದ ಇನ್‌ಪುಟ್ ಪ್ರತ್ಯೇಕ ಇರುತ್ತೆ, ಆದ್ರೆ ಎರಡು ಇನ್‌ಪುಟ್‌ಗಳ ನಡುವೆ ಪ್ರತ್ಯೇಕತೆ ಇರಲ್ಲ. ಎರಡು ಜಾಗದ ಅರ್ತ್ ನಡುವೆ ಒಂದು ಮಿಲಿವೋಲ್ಟ್ ಸೇರ್ಕೊಂಡ್ರೆ ಸಾಕು, ಕೆ ಟೈಪ್‌ನಲ್ಲಿ 24 ಡಿಗ್ರಿ.

ಹೊಸ_ಟ್ಯಾಗ್
ಟರ್ಮಿನಲ್ ಎಣಿಸಿದೆ, ಒಟ್ಟು 6. ಎರಡೂ ಮೂರು ತಂತಿ, ಎ ಕ್ಲಾಸ್, ಅಲಾರಂ 1 ಡಿಗ್ರಿ. ಕಿಲುಬಿನ ಮಾತು ನೆನಪಿದೆ @ನಾಲ್ಕುತಂತಿ, ಸ್ಕ್ರೂ ಟೈಟ್ ಮಾಡೇ ಬಾಗಿಲು ಹಾಕ್ತೀನಿ.

ನಾಲ್ಕುತಂತಿ
ತಂತಿ ತುದಿಗೆ ಫೆರೂಲ್ (ಒತ್ತಿ ಕೂರಿಸೋ ಲೋಹದ ಪುಟ್ಟ ಕೊಳವೆ) ಹಾಕಿ. ಬಿಡಿ ಎಳೆಗಳನ್ನ ಹಾಗೇ ತುರುಕಿ ಟೈಟ್ ಮಾಡಿದ್ರೆ ಕಾಲ ಕಳೆದ ಹಾಗೆ ಸಡಿಲ ಆಗುತ್ತೆ.